ಮಲ್ಲಿಕಾಂಬಳ ರಕ್ತ ಕೆಟ್ಟಿದೆ ಅಂದವರು

ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಸೋಮಶೇಖರಪ್ಪನವರ ಹೋಟೆಲಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ. ನನ್ನ ಮೆಷಿನ್ನಿನ ಸದ್ದಿಗೆ ಅವರ ಗಿರಾಕಿಗಳು ಗೊಣಗುತ್ತಿದ್ದರು. ಹೀಗಿದ್ದ ಮೇಲೆ, ಆ ಮನೆಯ ಮಲ್ಲಿಕಾಂಬಳ ಮುಖದ ಬಗ್ಗೆ ಯಾರಾದರೂ ಎಲ್ಲ ಬಲ್ಲವರ ಹಾಗೆ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವರಿಗೇನು ಗೊತ್ತು, ಮಣ್ಣು! ಅವಳ ರವಿಕೆ ಹೊಲಿದವಳು ನಾನು. ಆ ಹುಡುಗಿ ಹೇಗೆ ಸವೆದಳೆಂಬುದು ನನ್ನ ಅಳತೆ ಟೇಪಿಗೆ ಗೊತ್ತಿತ್ತು.

ಮಲ್ಲಿ ಸೋಮಶೇಖರಪ್ಪನವರ ಒಬ್ಬಳೇ ಮಗಳು. ಎಂಟನೇ ಕ್ಲಾಸಿನಲ್ಲಿದ್ದಾಗ ತಾಯಿ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದು ಹೋಟೆಲಿನ ಬಾಗಿಲು ತೆರೆದ ದಿನ, ಬಾಣಲೆಯ ಮುಂದೆ ತಾಯಿ ಕೂರುತ್ತಿದ್ದ ಮಣೆಯ ಮೇಲೆ ಮಗಳು ಕೂತಳು. ಯಾರೂ ಕೂರು ಅಂದಿರಲಿಲ್ಲ. ಬೇಡ ಅಂದವರೂ ಇರಲಿಲ್ಲ. ಕೂತವಳು ಎದ್ದು ಮತ್ತೆ ಸ್ಕೂಲಿಗೆ ಹೋಗಲಿಲ್ಲ.

ಹೋಟೆಲೆಂದರೆ ದೊಡ್ಡದೇನಲ್ಲ. ನಾಲ್ಕು ಬೆಂಚು, ಕೈ ತೊಳೆಯುವ ಕಡೆ ಒಂದು ಕನ್ನಡಿ, ಗಲ್ಲಾಪೆಟ್ಟಿಗೆಯ ಮೇಲೆ ಬಸವಣ್ಣನ ಪಟ. ಆದರೆ ಅಲ್ಲಿನ ಮೆಣಸಿನಕಾಯಿ ಬಜ್ಜಿಗೋಸ್ಕರ ಬೀರೂರಿನಿಂದ ಜನ ಬರುತ್ತಿದ್ದರು. ಬೆಳಗಿನ ರೈಲಿಗೆ ಇಡ್ಲಿ, ಮಧ್ಯಾಹ್ನಕ್ಕೆ ಊಟ, ಸಾಯಂಕಾಲದ ರೈಲಿಗೆ ಬಜ್ಜಿ ಮಂಡಕ್ಕಿ, ರಾತ್ರಿಯ ರೈಲು ತಡವಾದರೆ ಅದಕ್ಕೂ ಕಾಯಬೇಕು. ಆ ಹುಡುಗಿ ಎಷ್ಟು ಹೊತ್ತು ಮಲಗಬೇಕೆಂದು ತೀರ್ಮಾನಿಸುತ್ತಿದ್ದವರು ರೈಲ್ವೆಯವರು. ಇನ್ನು ಅವಳ ಊಟ? ಜಾಲರಿ ಸೌಟಿನಲ್ಲಿ ಉಳಿದ ಚೂರು, ಮುರಿದ ಬಜ್ಜಿ, ಒಂದು ಲೋಟ ಟೀ. ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ ತಳದಲ್ಲಿ ಅನ್ನ ಮಿಕ್ಕಿದ್ದರೆ ಅನ್ನ. ಅದನ್ನೂ ನಿಂತುಕೊಂಡೇ ತಿನ್ನುತ್ತಿದ್ದಳು.

ಎಪ್ಪತ್ತಾರು ಎಪ್ಪತ್ತೇಳನೇ ಇಸವಿಯ ಸುಮಾರಿಗೆ ಅವಳ ಹಣೆಯ ಮೇಲೆ ವಿಭೂತಿಯ ಕೆಳಗೆ ಸಣ್ಣ ಗುಳ್ಳೆಗಳು ಕಾಣಿಸಿಕೊಂಡವು. ನಾವೆಲ್ಲ ನಕ್ಕೆವು. ಆ ವಯಸ್ಸಿನಲ್ಲಿ ಯಾರಿಗೆ ಮೊಡವೆ ಬರುವುದಿಲ್ಲ? "ಪ್ರಾಯದ ಗುಳ್ಳೆ ಕಣೇ, ಮದ್ವೆ ಆದ್ರೆ ಹೋಗ್ತವೆ," ಎಂದು ಬಾವಿಕಟ್ಟೆಯ ಹೆಂಗಸರು ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಮದುವೆಯಾಗುವ ತನಕ ಅವು ಕಾಯಲಿಲ್ಲ. ಕೆನ್ನೆಗೆ ಇಳಿದವು, ದವಡೆಗೆ ಇಳಿದವು, ಕೀವು ಕಟ್ಟಿ ಗಂಟಾದವು. ದಿಂಬಿಗೆ ಕೆನ್ನೆ ತಾಗಿದರೆ ನೋವೆಂದು ಅಂಗಾತ ಮಲಗುವುದನ್ನು ಕಲಿತಳು. ಒಂದು ವಾಸಿಯಾಗುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಎದ್ದಿರುತ್ತಿತ್ತು, ವಾಸಿಯಾದದ್ದು ಕಪ್ಪು ಗುಂಡಿ ಬಿಟ್ಟು ಹೋಗುತ್ತಿತ್ತು.

ಮನೆ ನೋಡಿಕೊಳ್ಳಲೆಂದು ಅಜ್ಜಂಪುರದಿಂದ ಬಂದು ನಿಂತಿದ್ದವಳು ಸೋಮಶೇಖರಪ್ಪನವರ ಅಕ್ಕ ಹಾಲಮ್ಮ. ಗಂಡ ಸತ್ತವಳು, ಮಕ್ಕಳಿಲ್ಲ, ಮಲ್ಲಿಯೆಂದರೆ ಪ್ರಾಣ. ಹಾಲಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಮಲ್ಲಿ ಅವಳ ಮಾತು ಕೇಳುತ್ತಿರಲಿಲ್ಲ, ಅರ್ಧ ಅನಾಹುತ ತಪ್ಪುತ್ತಿತ್ತು. ಯಾರು ಏನು ಹೇಳಿದರೂ ಹಾಲಮ್ಮ ಅದನ್ನು ತಂದು ಆ ಮುಖಕ್ಕೆ ಬಳಿಯುತ್ತಿದ್ದಳು. ಅರಿಶಿನ ಕಡ್ಲೆಹಿಟ್ಟು ಆಯಿತು. ಹಾಲಲ್ಲಿ ತೇಯ್ದ ಜಾಯಿಕಾಯಿ ಆಯಿತು. ನಿಂಬೆಹುಳಿ ಹಿಂಡಿ ಹಚ್ಚಿದರು, ಹುಡುಗಿ ಉರಿ ತಡೆಯಲಾರದೆ ಹಿತ್ತಿಲಲ್ಲಿ ಓಡಾಡಿದಳು. ಹಲ್ಲುಜ್ಜುವ ಪೇಸ್ಟು, ಗಂಧಕದ ಪುಡಿ, ಬೆಳಗ್ಗೆ ಬಾಯಿ ಮುಕ್ಕಳಿಸುವ ಮುಂಚಿನ ಎಂಜಲು, ಒಂದನ್ನೂ ಬಿಡಲಿಲ್ಲ. ಮುಖ ತಂಪಾಗಲೆಂದು ಮಲಗುವಾಗ ಕೊಬ್ಬರಿ ಎಣ್ಣೆ ಬೇರೆ. ದಿನವಿಡೀ ಕಡ್ಲೆಕಾಯಿ ಎಣ್ಣೆಯ ಹಬೆ ಕುಡಿದ ಚರ್ಮಕ್ಕೆ ರಾತ್ರಿ ಕೊಬ್ಬರಿ ಎಣ್ಣೆ! ಅಂತರಘಟ್ಟಮ್ಮನಿಗೆ ಬೆಳ್ಳಿಯ ಮುಖ ಮಾಡಿಸಿ ಒಪ್ಪಿಸುವುದಾಗಿ ಹರಕೆಯನ್ನೂ ಹೊತ್ತಳು.

ಒಂದು ದಿನ ಯಾರೋ ಗಿರಾಕಿ ಬಜ್ಜಿಯ ತಟ್ಟೆ ಪಕ್ಕಕ್ಕೆ ತಳ್ಳಿ, "ಆ ಮುಖ ಕೆರ್ಕೊಂಡ ಕೈಯಲ್ಲೇ ಹಿಟ್ಟು ಕಲಸ್ತಾಳಲ್ರೀ," ಎಂದುಬಿಟ್ಟ. ಮಾರನೆಯ ದಿನವೇ ಒಲೆ ಒಳಗೆ ಹೋಯಿತು. ಅಲ್ಲಿಯವರೆಗೆ ಬೀದಿಯ ಗಾಳಿಗೆ ಕೂತು ಕರಿಯುತ್ತಿದ್ದವಳನ್ನು ಹಿಂದಿನ ಸೌದೆ ಕೋಣೆಯಲ್ಲಿ ಕೂರಿಸಿ ಗೋಣಿತಾಟಿನ ಪರದೆ ಬಿಟ್ಟರು. ಕಿಟಕಿಯಿಲ್ಲದ ಕೋಣೆ ಅದು. ಸಾಯಂಕಾಲ ಅವಳು ಹೊರಗೆ ಬಂದರೆ ಹುಬ್ಬಿನ ಕೂದಲೂ ಜಿಡ್ಡಿನಿಂದ ಮಿರುಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಸೋಮಶೇಖರಪ್ಪನೋರೆ, ಅದೇನು ಹುಡುಗೀನ ಕೂರಿಸೋ ಜಾಗವಾ? ಹೊಗೆಗೂಡು! ಒಬ್ಬ ಆಳು ಇಡಿ," ಎಂದೆ.

"ಇಟ್ಟಿದ್ದೆ ಸರೋಜಮ್ಮನೋರೆ," ಎಂದರು ಅವರು, ಹೆಗಲ ಮೇಲಿನ ಟವೆಲಿನಿಂದ ಬೆಂಚು ಒರೆಸುತ್ತಾ. "ಅವನು ಕರಿದದ್ದನ್ನ ನಾಯಿನೂ ಮೂಸಲಿಲ್ಲ. ಇವಳ ಕೈ ರುಚಿ ಇನ್ಯಾರಿಗೆ ಬರ್ಬೇಕು?"

ಈ ಮಾತನ್ನು ಅವರು ಹೆಮ್ಮೆಯಿಂದ ಹೇಳಿದರು. ನಾನು ಬಂದು ಮೆಷಿನ್ ತುಳಿದೆ.

ಅವಳಿಗೆ ಇಪ್ಪತ್ತೆರಡು ತುಂಬಿದ ವರ್ಷ, ಎಪ್ಪತ್ತೊಂಬತ್ತರ ಮಳೆಗಾಲ ಮುಗಿದಾಗ, ತರೀಕೆರೆಯಿಂದ ಒಂದು ಸಂಬಂಧ ಬಂತು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಹುಡುಗ, ಹೆಸರು ಓಂಕಾರಮೂರ್ತಿ. ಅದಕ್ಕೂ ಮುಂಚೆ ಬಂದ ಗಂಡುಗಳೆಲ್ಲ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗಿದ್ದರು. ಈತ ಮಾತ್ರ ಬಜ್ಜಿ ಮುರಿದು ಬಾಯಿಗಿಟ್ಟುಕೊಂಡು, ಅವಳ ಮುಖವನ್ನೇ ನೋಡಿ, "ಇದು ನೀವೇ ಮಾಡಿದ್ದಾ?" ಎಂದು ಕೇಳಿದ. ಅವಳು ಹೂಂ ಎಂದಳು. ಅಷ್ಟೇ. ಆ ಅಷ್ಟನ್ನೇ ಅವಳು ನನ್ನ ಅಂಗಡಿಗೆ ಬಂದು ನೂರು ಸಲ ಹೇಳಿದಳು. "ತಲೆ ಬಗ್ಗಿಸ್ಲಿಲ್ಲ ಸರೋಜಕ್ಕ, ಬೇರೆ ಕಡೆ ತಿರುಗ್ಲೂ ಇಲ್ಲ, ನನ್ನ ಮುಖ ನೋಡ್ಕೊಂಡೇ ಕೇಳಿದ್ರು!" ಎನ್ನುವಾಗ ಆ ಗುಳ್ಳೆಗಳ ನಡುವಿನ ಕಣ್ಣುಗಳು ಎಷ್ಟು ಚೆನ್ನಾಗಿ ಕಾಣುತ್ತಿದ್ದವು!

ಹುಡುಗನ ತಂದೆ ಶಿವಮೂರ್ತಪ್ಪ ಮಾತ್ರ ಜಾಣ ಮನುಷ್ಯ. ಹೊರಡುವಾಗ, "ಹುಡುಗಿ ಒಪ್ಪಿಗೆ. ಆದ್ರೆ ಮುಖ ಒಂದಿಷ್ಟು ತಿಳಿಯಾಗ್ಲಿ. ಸಂಕ್ರಾಂತಿ ಕಳೆದ ಭಾನುವಾರ ಬತ್ತೀವಿ. ಸರಿಹೋಗಿದ್ರೆ ಅವತ್ತೇ ವೀಳ್ಯ ಶಾಸ್ತ್ರ ಮುಗಿಸ್ಕೊಂಡು ಹೋಗ್ತೀವಿ," ಎಂದರು. ಸರಿಹೋಗದಿದ್ದರೆ ಏನೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಅಲ್ಲಿಂದ ಆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಸಂಕ್ರಾಂತಿಯೊಳಗೆ ಮುಖ, ಸಂಕ್ರಾಂತಿಯೊಳಗೆ ಮುಖ. ಹಾಲಮ್ಮ ಅವಳನ್ನು ಅಜ್ಜಂಪುರದ ಕಡೆ ಒಬ್ಬ ಪಂಡಿತರ ಹತ್ತಿರ ಕರೆದುಕೊಂಡು ಹೋದಳು. ಅವರು ನಾಡಿ ಹಿಡಿದು, ಕಣ್ಣು ಮುಚ್ಚಿ, "ರಕ್ತ ಕೆಟ್ಟಿದೆ. ಕೆಟ್ಟ ರಕ್ತ ತೆಗೀಬೇಕು, ಹೊಟ್ಟೆ ತೊಳೀಬೇಕು, ಪಥ್ಯ ಮಾಡಿಸಬೇಕು," ಎಂದರಂತೆ. ಕೆಟ್ಟ ರಕ್ತ ತೆಗೆಯಲು ದವಡೆಗೂ ಕತ್ತಿಗೂ ಜಿಗಣೆ ಹಚ್ಚಿದರು. ಹೊಟ್ಟೆ ತೊಳೆಯಲು ಹರಳೆಣ್ಣೆ, ಸೋನಾಮುಖಿ ಸೊಪ್ಪಿನ ಕಷಾಯ. ಪಥ್ಯವೆಂದರೆ ಉಪ್ಪಿಲ್ಲದ ಗಂಜಿ. ಬೇಳೆ ಇಲ್ಲ, ಮೊಸರಿಲ್ಲ, ಕಾಯಿ ಇಲ್ಲ, ಬೆಲ್ಲ ಇಲ್ಲ, ಸೊಪ್ಪಿನ ಸಾರು ಕೂಡ ಉಷ್ಣವೆಂದು ಇಲ್ಲ. ಒಂದು ಸಲಕ್ಕೆ ಗುಣ ಕಾಣಲಿಲ್ಲವೆಂದು ಮತ್ತೆ ಕರೆದುಕೊಂಡು ಹೋದರು, ಮತ್ತೆ ಜಿಗಣೆ, ಮತ್ತೆ ಭೇದಿ. ಬಂದವಳು ಬಸ್ಸಿಳಿದು ನೇರವಾಗಿ ಬಾಣಲೆಯ ಮುಂದೆ ಕೂರುತ್ತಿದ್ದಳು. ಮದ್ದು, ಹರಕೆ, ಪಂಡಿತರು ಎಲ್ಲ ಬದಲಾದರೂ ಆ ಮಣೆ ಮಾತ್ರ ಬದಲಾಗಲಿಲ್ಲ.

ರವಿಕೆ ಸಡಿಲವೆಂದು ಹಿಡಿಸಲು ಬಂದಳು. ಹಿಡಿದುಕೊಟ್ಟೆ. ಮತ್ತೆ ಬಂದಳು, ಮತ್ತೆ ಹಿಡಿದೆ. ಮೂರನೆಯ ಸಲ ಹಿಡಿಯಲು ಬಟ್ಟೆ ಉಳಿದಿರಲಿಲ್ಲ, ಬಿಚ್ಚಿ ಹೊಸದಾಗಿ ಕತ್ತರಿಸಬೇಕಾಯಿತು. ಬೆನ್ನಿಗೆ ಟೇಪು ಹಿಡಿದಾಗ ಮೂಳೆ ಕೈಗೆ ಸಿಕ್ಕಿತು.

"ಏನೇ ಇದು ಮಲ್ಲಿ, ನೀನು ಊಟ ಮಾಡ್ತೀಯೋ ಇಲ್ವೋ?"

"ಪಥ್ಯ ಅಲ್ವಾ ಅಕ್ಕ." ಗೋಡೆ ಹಿಡಿದು ನಿಂತಿದ್ದಳು. "ಎದ್ರೆ ಕಣ್ಣು ಕತ್ಲೆ ಬರುತ್ತೆ. ಇನ್ನೊಂದು ಹೇಳ್ತೀನಿ, ಅತ್ತೆಗೆ ಹೇಳ್ಬೇಡಿ. ಮುಟ್ಟು ನಿಂತು ತುಂಬಾ ದಿನ ಆಯ್ತು."

"ಅಯ್ಯೋ ನಿನ್ನ! ಹಾಗಾದ್ರೆ ಆ ಗಂಜಿ ಬಿಸಾಕಿ ಅನ್ನ ತಿನ್ನೇ!"

"ತಿಂದ್ರೆ ಮುಖ?" ಎಂದಳು. ಅವಳ ಮುಖ ಆಗ ಹಿಂದೆಂದಿಗಿಂತಲೂ ಕೆಟ್ಟಿತ್ತು. ಕೆಂಪು ಗಂಟುಗಳ ನಡುವೆ ಇದ್ದ ಚರ್ಮ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಇದರ ಮೇಲೆ ರಕ್ತ ಕೆಟ್ಟಿದೆ ಎಂಬ ಆ ಮಾತು ಹೊರಗೆ ಬಿತ್ತು. ಹೊರಗೆ ಹಾಕಿದವರು ಬೇರೆ ಯಾರೂ ಅಲ್ಲ, ಸ್ವತಃ ಸೋಮಶೇಖರಪ್ಪನವರು. ಸಂಬಂಧ ತಂದಿದ್ದ ಹನುಮಂತಪ್ಪ ಕಾಫಿಗೆ ಬಂದಾಗ, "ಹುಡುಗಿ ಮುಖ ಹೆಂಗಿದೆ?" ಎಂದು ಕೇಳಿದ್ದಾನೆ. ಇವರು ಧೈರ್ಯ ಹೇಳುವವರ ಹಾಗೆ, "ಏನಿಲ್ಲ ಕಣಪ್ಪಾ, ರಕ್ತ ಕೆಟ್ಟಿದೆ ಅಷ್ಟೇ," ಎಂದಿದ್ದಾರೆ. ನಮ್ಮ ಕಡೆ ಮೊಡವೆ ಬಂದ ಮಕ್ಕಳಿಗೆಲ್ಲ ರಕ್ತ ಕೆಟ್ಟಿದೆ ಎನ್ನುತ್ತೇವೆ, ಅದು ಮಾತೇ ಅಲ್ಲ. ಆದರೆ ಹೆಣ್ಣು ಗಂಡಿನ ಮಾತುಕತೆಯ ನಡುವೆ, ಒಂದು ಮನೆಯ ರಕ್ತ ಕೆಟ್ಟಿದೆ ಎಂದರೆ ಅರ್ಥ ಬೇರೆ. ದೊಡ್ಡರೋಗ ಎಂದು ಅರ್ಥ. ಕುಷ್ಠ ಎಂದು ಬಾಯಿಬಿಟ್ಟು ಹೇಳಲು ಹೆದರುವವರು ಹಾಗೆ ಹೇಳುತ್ತಾರೆ. ಕಡೂರಿನಲ್ಲಿ ಬಸ್ ಹತ್ತಿದಾಗ ಮೊಡವೆಯಾಗಿದ್ದ ಮಾತು ತರೀಕೆರೆಯಲ್ಲಿ ಇಳಿಯುವಾಗ ದೊಡ್ಡರೋಗವಾಗಿತ್ತು.

ವಾರದೊಳಗೆ ಅದು ತಿರುಗಿ ಬಂತು. ಬೆಂಚುಗಳು ಖಾಲಿಯಾಗತೊಡಗಿದವು. ಬಂದವರು ನೀರನ್ನೂ ಕುಡಿಯದೆ ಬಾಳೆಹಣ್ಣು ತೆಗೆದುಕೊಂಡು ಹೋಗುತ್ತಿದ್ದರು. ಹನುಮಂತಪ್ಪ ಬೆಂಚಿನ ತುದಿಯಲ್ಲಿ ಕೂತು, "ಭಾನುವಾರ ಬರೋದಂತೂ ಬತ್ತಾರೆ, ಕಣ್ಣಾರೆ ನೋಡ್ಬಿಡೋಣ ಅಂತ. ರಕ್ತದ ವಿಷಯ ಖಚಿತ ಆಗ್ಬೇಕಂತೆ. ಇಲ್ದಿದ್ರೆ ಇಲ್ಲಿಗೆ ಬಿಡೋಣ ಅಂದ್ರು," ಎಂದ. ಗೋಣಿತಾಟಿನ ಹಿಂದೆ ಮಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು.

ಅವತ್ತು ಮಧ್ಯಾಹ್ನ ನಾನು ಹಿತ್ತಿಲಿಗೆ ಬಟ್ಟೆ ಒಣಹಾಕಲು ಹೋದಾಗ ಬಾವಿಯ ಹತ್ತಿರ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಪಾತ್ರೆ ತಿಕ್ಕುತ್ತಿದ್ದಾಳೆಂದುಕೊಂಡೆ. ಕೈಯಲ್ಲಿ ತೆಂಗಿನ ನಾರು, ಬೂದಿ ಎಲ್ಲ ಇತ್ತು. ಹತ್ತಿರ ಹೋದರೆ ಅವಳು ತಿಕ್ಕುತ್ತಿದ್ದದ್ದು ಮುಖವನ್ನು. ಕೆನ್ನೆಯಿಂದ ರಕ್ತ ಕೀವು ಕಲೆತು ಕತ್ತಿಗೆ ಇಳಿಯುತ್ತಿತ್ತು. ನಾನು ಕೂಗಿ ನಾರು ಕಿತ್ತುಕೊಂಡೆ.

"ಬಿಡಿ ಅಕ್ಕ, ಬಿಡಿ!" ಎಂದು ಕೈ ಕೊಸರಿದಳು. "ಇದನ್ನ ಸುಲಿದು ಹಾಕ್ಬೇಕು. ನನ್ನಿಂದ ಅಪ್ಪನ ಹೋಟ್ಲು ಮುಚ್ಚಿಹೋಗುತ್ತೆ. ಒಂದೊಂದ್ಸಲ ಕಾದ ಬಾಣಲೆಗೇ ಮುಖ ಇಟ್ಬಿಡೋಣ ಅನ್ಸುತ್ತೆ. ಒಂದೇ ಸಲ ಮುಗಿದುಹೋಗ್ಲಿ."

ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತೆ. ನನ್ನ ಸೆರಗೆಲ್ಲ ಕೆಂಪಾಯಿತು. ಇಬ್ಬರೂ ಅತ್ತೆವು. ಅವತ್ತಿನಿಂದ ಬಾಣಲೆಯ ಸದ್ದು ನಿಂತರೆ ಸಾಕು, ನಾನು ಮೆಷಿನ್ ಬಿಟ್ಟು ಗೋಡೆಗೆ ಕಿವಿ ಕೊಡುತ್ತಿದ್ದೆ.

ಶುಕ್ರವಾರ ಒಂದು ಜಟಕಾಗಾಡಿ ಮೈಕು ಕಟ್ಟಿಕೊಂಡು ರಸ್ತೆಯಲ್ಲಿ ಹೋಯಿತು. ಭಾನುವಾರ ಬೆಳಗ್ಗೆ ಹೈಸ್ಕೂಲಿನಲ್ಲಿ ರಕ್ತದಾನ ಶಿಬಿರ, ಆರೋಗ್ಯವಂತರು ಬಂದು ಶುದ್ಧವಾದ ರಕ್ತ ನೀಡಿ ಜೀವ ಉಳಿಸಬೇಕು ಎಂದು ಒಬ್ಬ ಕೂಗುತ್ತಿದ್ದ. ಜಟಕಾ ಇನ್ನೂ ಮರೆಯಾಗಿರಲಿಲ್ಲ, ಮಲ್ಲಿ ನನ್ನ ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ದಿನದ ಮೇಲೆ ಅವಳ ಕಣ್ಣಲ್ಲಿ ಜೀವ ಇತ್ತು.

"ಅಕ್ಕ, ಶುದ್ಧವಾದ ರಕ್ತ ಅಂದ್ರು, ಕೇಳಿಸ್ಕೊಂಡ್ರಾ? ಕೆಟ್ಟ ರಕ್ತ ಆದ್ರೆ ಅವರು ತಗೊಳಲ್ಲ ಅಲ್ವಾ?"

"ಅಲ್ಲ, ಅದು..."

"ಊರೆಲ್ಲಾ ನೋಡೋ ಹಾಗೆ ಅವರು ನನ್ನ ರಕ್ತ ತಗೊಂಡ್ರೆ, ಆಮೇಲೆ ಯಾರಾದ್ರೂ ಕೆಟ್ಟಿದೆ ಅಂತಾರಾ? ಭಾನುವಾರ ಅಕ್ಕ! ಬೆಳಗ್ಗೆ ಅಲ್ಲಿ ಕೊಟ್ಟು, ಮಧ್ಯಾಹ್ನ ತರೀಕೆರೆಯೋರು ಬರೋ ಹೊತ್ತಿಗೆ ವಾಪಸ್ ಬಂದ್ಬಿಡ್ತೀನಿ."

ಎಂಥ ಯೋಚನೆ ನೋಡಿ! ನಗಬೇಕೋ ಅಳಬೇಕೋ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವವಳು ಸೀಸೆ ತುಂಬ ರಕ್ತ ಕೊಡುತ್ತೇನೆಂದು ಹೊರಟಿದ್ದಾಳೆ. ಬೇಡವೆಂದು ಬೈದೆ. ಆದರೆ ಶಿಬಿರಕ್ಕೆ ಡಾಕ್ಟರು ಬಂದೇ ಬರುತ್ತಾರೆ, ಅವರೊಬ್ಬರು ಇವಳನ್ನು ನೋಡಿದರೆ ಸಾಕು ಎನಿಸಿ ಜೊತೆಗೆ ಹೋದೆ. ಹಾಲಮ್ಮನಿಗೆ ದೇವಸ್ಥಾನಕ್ಕೆ ಎಂದು ಹೇಳಿ ಹೊರಟೆವು.

ಹೈಸ್ಕೂಲಿನ ದೊಡ್ಡ ಕೋಣೆಯಲ್ಲಿ ಗಂಡಸರು ಸಾಲಾಗಿ ನಿಂತಿದ್ದರು. ಹೆಂಗಸರೆಂದರೆ ನಾವಿಬ್ಬರೇ. ಮಲ್ಲಿ ಮುಖಕ್ಕೆ ಸೆರಗು ಮುಚ್ಚಿರಲಿಲ್ಲ. ಜನ ತಿರುಗಿ ನೋಡಿದರು, ಪಿಸುಗುಟ್ಟಿದರು, ಸರಿದು ದಾರಿ ಬಿಟ್ಟರು. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನೀಲಿ ನೀರು ಇತ್ತು. ನೋಡಿದ ತಕ್ಷಣ ಎಲ್ಲರಿಗೂ ಗೊತ್ತಾಯಿತು, ಮೈಲುತುತ್ತದ ನೀರು. ತೋಟಕ್ಕೆ ಔಷಧಿ ಹೊಡೆಯುವವರಿಗೆ ಅದನ್ನು ಹೇಳಿಕೊಡಬೇಕೇ? ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಅದರೊಳಗೆ ಬಿಡುತ್ತಿದ್ದರು. ಮುಂದಿದ್ದ ಗಂಡಸರ ಹನಿಗಳೆಲ್ಲ ಮುಳುಗಿ ತಳ ಸೇರಿದವು, ಅವರನ್ನು ಮಂಚದ ಕಡೆ ಕಳಿಸಿದರು.

ಮಲ್ಲಿಯ ಬೆರಳಿಗೆ ಚುಚ್ಚಿದರು. ರಕ್ತ ಬರಲಿಲ್ಲ. ಹಿಂಡಿದರು. ಕೊನೆಗೆ ಒಂದು ಹನಿ ಬಂತು, ಕುಂಕುಮ ತೊಳೆದ ನೀರಿನ ಬಣ್ಣ. ಲೋಟಕ್ಕೆ ಬಿಟ್ಟರು. ಅದು ಮುಳುಗಲಿಲ್ಲ. ಮೇಲೆಯೇ ನಿಂತಿತು.

"ತೇಲ್ತು ಕಣ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಮಲ್ಲಿ ಆ ಹನಿಯನ್ನೇ ನೋಡಿದಳು. "ಹಾಗಾದ್ರೆ ಕೆಟ್ಟೇ ಇದೆ," ಎಂದಳು, ನನಗೆ ಮಾತ್ರ ಕೇಳುವ ಹಾಗೆ. ಅಷ್ಟು ಹೇಳಿ ಅಲ್ಲೇ ಕುಸಿದಳು.

ಪಕ್ಕದ ಕ್ಲಾಸ್‌ರೂಮಿನ ಬೆಂಚಿನ ಮೇಲೆ ಅವಳನ್ನು ಮಲಗಿಸಿದೆವು. ಶಿಬಿರಕ್ಕೆ ಬಂದಿದ್ದ ಲೇಡಿ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಉಗುರು ನೋಡಿದರು, ಕತ್ತಿನ ಮೇಲಿದ್ದ ಜಿಗಣೆಯ ಗುರುತುಗಳನ್ನು ಮುಟ್ಟಿ ಇದೇನೆಂದು ಕೇಳಿದರು. ನಾನು ಎಲ್ಲ ಹೇಳಿದೆ. ಬಾಣಲೆ, ಗೋಣಿತಾಟು, ರೈಲು, ಭೇದಿ, ಗಂಜಿ, ನಿಂತುಹೋದ ಮುಟ್ಟು, ಎಲ್ಲ. ಹೇಳುತ್ತಾ ಹೋದ ಹಾಗೆ ನನ್ನ ದನಿ ಏರಿತು.

ಮಲ್ಲಿ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಮೇಡಂ, ನನ್ನ ರಕ್ತ ಕೆಟ್ಟಿದೆಯಾ?"

"ಕೆಡೋದಕ್ಕೆ ರಕ್ತ ಇದ್ರಲ್ವೇನಮ್ಮಾ?" ಎಂದರು ಅವರು. "ನಿನ್ನ ಮೈಯಲ್ಲಿ ರಕ್ತವೇ ಇಲ್ಲ. ಅದಕ್ಕೇ ಆ ಹನಿ ತೇಲಿತು. ಕೊಡೋಕೆ ಬಂದಿದ್ದೀಯಲ್ಲ, ನಿನಗೇ ಯಾರಾದರೂ ಕೊಡಬೇಕು."

"ಮತ್ತೆ ಮುಖ?"

"ಮುಖದ ಮೊಡವೆ ರಕ್ತ ಕೆಟ್ಟು ಬರೋದಲ್ಲ. ದೊಡ್ಡರೋಗ ಅಂತೂ ಅಲ್ಲವೇ ಅಲ್ಲ. ಚರ್ಮದ ರಂಧ್ರ ಮುಚ್ಚಿಕೊಂಡು ಬರೋದು, ನಿನ್ನ ವಯಸ್ಸಲ್ಲಿ ಎಷ್ಟೋ ಜನಕ್ಕೆ ಬರುತ್ತೆ. ಅದರ ಮೇಲೆ ದಿನವೆಲ್ಲಾ ಎಣ್ಣೆ ಹಬೆ. ನಿದ್ದೆ ಇಲ್ಲ, ಊಟ ಇಲ್ಲ, ಮನಸ್ಸಿಗೆ ಒಂದು ಗಳಿಗೆ ನೆಮ್ಮದಿ ಇಲ್ಲ. ಸಿಕ್ಕಿದ್ದೆಲ್ಲಾ ತಂದು ಉಜ್ಜಿದ್ದೀರಿ. ಕೆರಳದೆ ಇನ್ನೇನಾಗುತ್ತೆ?" ಚೀಟಿ ಪೆನ್ನು ತೆಗೆದುಕೊಂಡು, "ಸುಳ್ಳು ಹೇಳಲ್ಲಮ್ಮ. ಇದು ಒಂದು ದಿನಕ್ಕೆ, ಒಂದು ತಿಂಗಳಿಗೆ ಹೋಗಲ್ಲ. ಔಷಧಿ ಬರೆದುಕೊಡ್ತೀನಿ. ಹೋದ ಮೇಲೂ ಕಲೆ ಉಳಿಯುತ್ತೆ. ಆದ್ರೆ ಮೊದಲು ನೀನು ಉಳೀಬೇಕು. ಹೊಗೆಯಿಂದ ಆಚೆ ಬಾ, ಹೊಟ್ಟೆ ತುಂಬಾ ಊಟ ಮಾಡು," ಎಂದರು.

ಅವಳು ತಲೆಯಾಡಿಸಿದಳು. ಹೈಸ್ಕೂಲಿನಿಂದ ಸ್ಟೇಷನ್ ರಸ್ತೆಯವರೆಗೆ ನನ್ನ ತೋಳು ಹಿಡಿದು ನಡೆದಳು. ನಡುವೆ ಒಂದು ಕಡೆ ನಿಂತು, "ಸರೋಜಕ್ಕ, ಕೊನೇ ಸಲ ಕೂತ್ಕೊಂಡು ಯಾವಾಗ ಊಟ ಮಾಡಿದ್ದು ಅಂತ ಜ್ಞಾಪಿಸ್ಕೋತಿದೀನಿ. ಜ್ಞಾಪಕಕ್ಕೆ ಬರ್ತಿಲ್ಲ," ಎಂದಳು.

ಹೋಟೆಲಿಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ತರೀಕೆರೆಯ ಬಸ್ಸು ಬರುವ ಸಮಯ. ಊರಿಗೆ ಹೊಸಬರಾದ ನಾಲ್ಕಾರು ರೈಲು ಪ್ರಯಾಣಿಕರು ಬೆಂಚುಗಳ ಮೇಲೆ ಊಟಕ್ಕೆ ಕೂತಿದ್ದರು. ಒಳಗೆ ಹಾಲಮ್ಮ ರೇಷ್ಮೆ ಸೀರೆ, ಪೌಡರ್ ಡಬ್ಬಿ ಎಲ್ಲ ತೆಗೆದಿಟ್ಟುಕೊಂಡು ದಾರಿ ಕಾಯುತ್ತಿದ್ದಳು. ಮಲ್ಲಿ ಒಳಗೆ ಹೋಗಲಿಲ್ಲ. ಗೋಣಿತಾಟಿನ ಹತ್ತಿರಕ್ಕೂ ಹೋಗಲಿಲ್ಲ. ಬಾಗಿಲ ಪಕ್ಕದ ಗಿರಾಕಿಗಳ ಬೆಂಚಿನ ಮೇಲೆ, ಕನ್ನಡಿಗೆ ಎದುರಾಗಿ ಕೂತಳು.

ಸೋಮಶೇಖರಪ್ಪನವರು ಒಂದು ಕೈಯಲ್ಲಿ ಸಾರಿನ ಬಕೆಟ್ಟು, ಇನ್ನೊಂದರಲ್ಲಿ ಸೌಟು ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತಾ ಬಂದರು. ಇವಳ ಮುಂದೆ ಬಂದಾಗಲೂ ತಲೆಯೆತ್ತದೆ, ಎಲ್ಲರನ್ನೂ ಕೇಳುವ ಹಾಗೆ, "ಏನ್ ಕೊಡ್ಲಿ?" ಎಂದರು.

"ಊಟ," ಎಂದಳು ಮಲ್ಲಿ.

ಅವರು ದನಿ ಕೇಳಿ ತಲೆಯೆತ್ತಿದರು. "ಲೇ, ಇಲ್ಯಾಕೆ ಕೂತೆ? ಒಳಗೆ ನಡಿ, ಅವರು ಬರೋ ಹೊತ್ತು!"

"ಅಪ್ಪಾ, ಏನ್ ಕೊಡ್ಲಿ ಅಂತ ಊರೋರನ್ನೆಲ್ಲಾ ಕೇಳಿದ್ದೀಯ. ನನ್ನ ಕೇಳಿದ್ದು ಇವತ್ತೇ ಮೊದಲು. ಅದೂ ನಾನು ಅಂತ ಗೊತ್ತಿಲ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಊಟ ಕೊಡು. ಅನ್ನ, ಬೇಳೆ ಸಾರು, ಸೊಪ್ಪಿನ ಪಲ್ಯ, ಮೊಸರು. ಎಲ್ಲಾ ಬೇಕು. ನನ್ನ ರಕ್ತ ಕೆಟ್ಟಿಲ್ಲವಂತೆ. ಮೈಯಲ್ಲಿ ರಕ್ತವೇ ಇಲ್ಲವಂತೆ."

ಸೋಮಶೇಖರಪ್ಪನವರು ನನ್ನ ಕಡೆ ನೋಡಿದರು. ಶಿಬಿರದಲ್ಲಿ ನಡೆದದ್ದನ್ನೆಲ್ಲ ನಾನು ನಿಂತಲ್ಲೇ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ಗಿರಾಕಿಗಳು ತುತ್ತು ನಿಲ್ಲಿಸಿ ಕೇಳಿದರು. ಹಾಲಮ್ಮ ಪೌಡರ್ ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದಳು. "ಮೊಸರು ಬೇಡ ಕಣೇ ನನ್ನವ್ವ, ಪಥ್ಯ ಕೆಡುತ್ತೆ. ಇದೊಂದು ದಿನ ತಡ್ಕೊಳೇ. ತರೀಕೆರೆಯೋರು ಬಂದ್ಬಿಟ್ರೆ ಏನಂತ ಹೇಳೋದು?" ಎಂದು ಗೋಗರೆದಳು.

"ಹುಡುಗಿ ಊಟ ಮಾಡ್ತಿದ್ದಾಳೆ, ಕಾಯಿರಿ ಅಂತ ಹೇಳಿ ಅತ್ತೆ."

ಸೋಮಶೇಖರಪ್ಪನವರು ಬಕೆಟ್ಟು ಕೆಳಗಿಟ್ಟರು. ಬಾಳೆಲೆ ತಂದು ಹಾಸಿದರು. ನೀರು ಚಿಮುಕಿಸಿ ಒರೆಸಿದರು. ಅನ್ನ ಬಡಿಸಿದರು, ಸಾರು ಬಡಿಸಿದರು, ಪಲ್ಯ ಬಡಿಸಿದರು. ಮೊಸರಿನ ಪಾತ್ರೆಯನ್ನು ಎಲೆಯ ಪಕ್ಕದಲ್ಲೇ ಇಟ್ಟುಬಿಟ್ಟರು. ಅವಳು ಮೊದಲ ತುತ್ತು ಬಾಯಿಗಿಟ್ಟು, ಅಗಿಯಲಾರದೆ, ಹಾಗೇ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ತಿನ್ನತೊಡಗಿದಳು.

ಅಷ್ಟರಲ್ಲಿ ಬಸ್ಸು ಬಂದಿತ್ತು. ಶಿವಮೂರ್ತಪ್ಪ, ಅವರ ಮಗ, ಹಿಂದೆ ಹನುಮಂತಪ್ಪ. ಬಾಗಿಲಲ್ಲಿ ನಿಂತವರಿಗೆ ಎದುರಿಗೇ ಮಲ್ಲಿ ಕಂಡಳು. ಪೌಡರ್ ಇಲ್ಲ, ಸೆರಗಿನ ಮರೆ ಇಲ್ಲ, ಬೂದಿ ನಾರಿನಲ್ಲಿ ಉಜ್ಜಿದ ಗಾಯಗಳ ಮೇಲೆ ಇನ್ನೂ ಹಕ್ಕಳೆ ಇತ್ತು. ಅವಳು ತಲೆಯೆತ್ತಿ ನೋಡಿದಳು, ಏಳಲಿಲ್ಲ. ಓಂಕಾರಮೂರ್ತಿ ಒಂದು ಗಳಿಗೆ ಅವಳನ್ನು ನೋಡಿ, ಅಪ್ಪನ ಮುಖ ನೋಡಿ, ತಲೆ ತಗ್ಗಿಸಿದ. ನಾನು ಅವನಿಂದ ಒಂದು ಮಾತಿಗಾಗಿ ಕಾದೆ. ಅವನು ಚಪ್ಪಲಿಯ ತುದಿ ನೋಡುತ್ತಾ ನಿಂತ.

ಶಿವಮೂರ್ತಪ್ಪ ಸೋಮಶೇಖರಪ್ಪನವರನ್ನು ಪಕ್ಕಕ್ಕೆ ಕರೆದು, ಗುಟ್ಟು ಕೇಳುವವರ ಹಾಗೆ, "ಅದೇನೋ ರಕ್ತದ ವಿಷಯ ಕೇಳಿದ್ವಲ್ಲ. ಏನಂದ್ರು?" ಎಂದರು.

ಜೀವಮಾನವೆಲ್ಲ ಗಿರಾಕಿಗಳ ಮುಂದೆ ಬಗ್ಗಿಯೇ ನಿಂತಿದ್ದ ಮನುಷ್ಯ ಅವತ್ತು ನೆಟ್ಟಗೆ ನಿಂತರು. ಪಕ್ಕಕ್ಕೂ ಸರಿಯಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ.

"ರಕ್ತ ಇಲ್ಲ ಅಂದ್ರು," ಎಂದರು. "ಎಲ್ಲಿಂದ ಇರುತ್ತೆ ಸ್ವಾಮಿ? ಇಷ್ಟು ವರ್ಷ ನಾವೇ ಕುಡಿದ್ವಲ್ಲ."

ಶಿವಮೂರ್ತಪ್ಪ ಶಲ್ಯ ಸರಿಮಾಡಿಕೊಂಡು, "ಆಯ್ತು, ತಿಳಿಸ್ತೀವಿ," ಎಂದು ಹೊರಟರು. ತಿಳಿಸುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು, ಮಲ್ಲಿಗೂ ಗೊತ್ತಿತ್ತು. ಅವರ ಬೆನ್ನು ಬೀದಿಯಲ್ಲಿ ಮರೆಯಾಗುವವರೆಗೂ ಅವಳು ನೋಡಿದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು. ಸೋಮಶೇಖರಪ್ಪನವರು ಹಿಂದಿನ ಕೋಣೆಗೆ ಹೋಗಿ ಗೋಣಿತಾಟು ಕಿತ್ತು ಎಸೆದು, ಉರಿಯುತ್ತಿದ್ದ ಒಲೆಗೆ ಒಂದು ಚೊಂಬು ನೀರು ಸುರಿದು ಬಂದರು. ಬಂದು ಮಗಳ ಎಲೆಯ ಮುಂದೆ ಬಗ್ಗಿ, ಈ ಸಲ ಅವಳ ಮುಖವನ್ನೇ ನೋಡುತ್ತಾ, "ಏನ್ ಕೊಡ್ಲವ್ವಾ?" ಎಂದು ಕೇಳಿದರು.

"ಅನ್ನ," ಎಂದಳು ಮಲ್ಲಿ. "ಇನ್ನೂ ಸ್ವಲ್ಪ ಹಾಕು."